ಕಬ್ಬಿಣದ ಕೈ ಯಾವುದು

ಗದ್ದೆಮ್ಮನ ತಲೆ ನೆಟ್ಟಗಿಲ್ಲ ಎಂಬ ಅನುಮಾನ ಮನೆಯವರಿಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಟಿ.ವಿ. ಮುಂದೆ, ಎಲ್ಲರ ಕೈಯಲ್ಲೂ ಊಟದ ತಾಟು ಇರುವಾಗ.

ಮನೆ ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಗದ್ದೆಮ್ಮನ ಮಗ ಭೀಮೇಶ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುವವನು. ಆ ತಿಂಗಳು ದೊಡ್ಡ ಟಿ.ವಿ. ತಂದು ಗೋಡೆಗೆ ಹಾಕಿಸಿದ್ದ. ಜಾಗ ಸಾಲದೆ ಬುದ್ಧನ ಫೋಟೋವನ್ನೂ ಬಾಬಾಸಾಹೇಬರ ಫೋಟೋವನ್ನೂ ಗೇಣು ಮೇಲಕ್ಕೇರಿಸಬೇಕಾಯಿತು. ಅವನ ಮಗಳು ದೀಪಾ ಸಿಂಧನೂರಿನಲ್ಲಿ ಡಿಗ್ರಿ ಓದುತ್ತಾಳೆ. ಟಿ.ವಿ.ಗೆ ಇಂಟರ್‌ನೆಟ್ ಬಂದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಅಜ್ಜನ ಪಿಕ್ಚರ್ ಹುಡುಕಿದ್ದು.

ಅಜ್ಜನ ಪಿಕ್ಚರ್ ಎಂದರೆ ಅಜ್ಜ ತೆಗೆದದ್ದೇನಲ್ಲ. ಅಜ್ಜ ಅಂಬಪ್ಪ ಹರೆಯದಲ್ಲಿ ಸಿನಿಮಾದ ಕಥೆ ಹೇಳುವ ಕೆಲಸ ಮಾಡುತ್ತಿದ್ದ. ಲಿಂಗಸುಗೂರಿನ ಉಸ್ಮಾನ್‌ಸಾಬ್ ಎಂಬವರು ಒಂದು ಸಣ್ಣ ಪ್ರೊಜೆಕ್ಟರು, ಒಂದು ಬಿಳಿ ಪರದೆ ಕಟ್ಟಿಕೊಂಡು ಹಳ್ಳಿಹಳ್ಳಿಗೆ ಹೋಗಿ ಸಿನಿಮಾ ತೋರಿಸುತ್ತಿದ್ದರು. ಹೈದರಾಬಾದಿನಿಂದ ಅಗ್ಗಕ್ಕೆ ತಂದ ಹಳೇ ಇಂಗ್ಲಿಷ್ ರೀಲುಗಳು. ಆಕಾಶದಿಂದ ಇಳಿಯುವ ಹಡಗು, ಹೆಬ್ಬೆರಳುದ್ದದ ಜನ, ಮಾತಾಡುವ ಯಂತ್ರ, ಇಂಥವೇ. ಇಂಗ್ಲಿಷು ಯಾರಿಗೂ ತಿಳಿಯದು. ಆದ್ದರಿಂದ ಚಿತ್ರ ಓಡುತ್ತಿರುವಾಗ ಮೈಕ್ ಹಿಡಿದು ಕನ್ನಡದಲ್ಲಿ ಹೇಳಲು ಅಂಬಪ್ಪ ಬೇಕು. ಕಥೆಯ ಎಳೆಯನ್ನು ಉಸ್ಮಾನ್‌ಸಾಬ್ ದಾರಿಯಲ್ಲೇ ಹೇಳಿಕೊಡುತ್ತಿದ್ದರು. ಉಳಿದದ್ದನ್ನು ಅಂಬಪ್ಪ ಸ್ವಂತ ನಾಲಿಗೆಯಿಂದ ತುಂಬುತ್ತಿದ್ದ.

ಭೀಮೇಶ ತೊಟ್ಟಿಲಲ್ಲಿದ್ದಾಗಲೇ ಆ ಪ್ರೊಜೆಕ್ಟರ್ ಮಾರಾಟವಾಗಿತ್ತು. ಆದರೂ ಅಪ್ಪನ ಆ ದಿನಗಳ ಕಥೆಯನ್ನು ಅವನಷ್ಟು ಸಲ ಹೇಳಿದವರಿಲ್ಲ. ಕಚೇರಿಯಲ್ಲಿ ಚಹಾ ಬಂದರೆ ಸಾಕು, ಶುರುವಾಗುತ್ತಿತ್ತು. "ಆಗಿನ ಕಾಲದಾಗ, ಅಂಥಾ ಊರಾಗ, ನಮ್ಮಪ್ಪ ಗೌಡ್ರ ಸರಿಸಮ ಮುಂದಿನ ಸಾಲಿನ್ಯಾಗ ಕುರ್ಚಿ ಹಾಕ್ಕೊಂಡು ಕುಂತು ಮೈಕಿನ್ಯಾಗ ಮಾತಾಡಿದ. ಕಲೆಗೆ ಜಾತಿ ಇಲ್ಲ ಅಂತ ಉಸ್ಮಾನ್‌ಸಾಬ್ ಗೌಡ್ರ ಮುಖಕ್ಕನಾ ಹೇಳಿದ್ರಂತ." ಊರಿನ ಹೆಸರು ಇಲ್ಲಿ ಬೇಡ. ಆ ಊರಿನಲ್ಲಿ ಈಗ ಬೇರೆ ಜನ ಇದ್ದಾರೆ.

ಸರಿ, ಪಿಕ್ಚರ್ ಹಾಕಿದರು. ಕೆಳಗೆ ಕನ್ನಡ ಅಕ್ಷರ ಬರುತ್ತಿದ್ದವು. ಮರಳುಗಾಡಿನಲ್ಲಿ ಹಡಗು ಬಿತ್ತು, ಬಾಗಿಲು ತೆರೆಯಿತು, ಕಬ್ಬಿಣದ ಕೈಯವನು ಇಳಿದು ಬಂದ. ಭೀಮೇಶ ಚಪ್ಪಾಳೆ ತಟ್ಟಿದ. ರೊಟ್ಟಿಗೆ ಪುಂಡಿಪಲ್ಯ ಹಚ್ಚುತ್ತಿದ್ದ ಗದ್ದೆಮ್ಮ ತಲೆ ಎತ್ತಿ ನೋಡಿದಳು.

"ಇದು ಆ ಪಿಚ್ಚರ ಅಲ್ಲ," ಎಂದಳು.

"ಅದಾ ಬೇ ಯವ್ವ. ನೀನಾ ಹೇಳ್ತಿದ್ದೆಲ್ಲ, ಕಬ್ಬಿಣದ ಕೈ ಅಂತ."

"ಅವಂದು ಎಡಗೈ ಕಬ್ಬಿಣದ್ದು. ಇವಂದು ಬಲಗೈ. ಇವ ಯಾವನೋ ಬ್ಯಾರೆ."

ಪಂಪಾವತಿ, ಅಂದರೆ ಸೊಸೆ, ಬಾಯಿಗೆ ಸೆರಗು ಹಿಡಿದು ನಕ್ಕಳು. ಭೀಮೇಶ ಅಪ್ಪನ ಕಡೆ ತಿರುಗಿದ. "ಯಪ್ಪ, ಕಥಿ ಹೇಳಿದವ ನೀನು. ನೀ ಹೇಳು, ಯಾವ ಕೈ?"

ಅಂಬಪ್ಪ ಮಜ್ಜಿಗೆ ಕುಡಿಯುತ್ತಿದ್ದ. ಲೋಟ ಕೆಳಗಿಡಲು ಸ್ವಲ್ಪ ಹೊತ್ತು ತೆಗೆದುಕೊಂಡ. "ಬಲಗೈ," ಎಂದ.

"ಮೈಕಿನ್ಯಾಗ ನೀ ಬಲಗೈ ಅಂತಿದ್ದಿ, ಅದು ಬ್ಯಾರೆ ಮಾತು," ಎಂದಳು ಗದ್ದೆಮ್ಮ. "ಕಾಣ್ತಿದ್ದದ್ದು ಎಡಗೈ. ನನ್ನ ಕಣ್ಣೇನು ಕುರುಡಾಗಿದ್ವೇನು?"

ಅಷ್ಟಕ್ಕೇ ಮುಗಿದಿದ್ದರೆ ನಗುವಿನಲ್ಲೇ ಮುಗಿಯುತ್ತಿತ್ತು. ಅವಳು ಬಿಡಲಿಲ್ಲ. ಹಡಗು ಆ ಕಡೆಯಿಂದ ಬರಬೇಕು, ಇದು ಈ ಕಡೆಯಿಂದ ಬಂತು. ಗೋಪುರ ಅಲ್ಲಿರಬೇಕು, ಇದು ಇಲ್ಲಿದೆ. ರಾಣಿ ಆ ಕಡೆಯ ಬಾಗಿಲಿಂದ ಓಡಬೇಕು, ಇವಳು ಈ ಕಡೆಯಿಂದ ಓಡಿದಳು. ಕಥೆಯೇನೋ ಒಂದೇ, ಪ್ರತಿಯೊಂದು ಮಾತೂ ಅವಳಿಗೆ ನೆನಪಿದೆ, ಮುಂದೆ ಏನಾಗುತ್ತದೆ ಎಂಬುದನ್ನು ಮೊದಲೇ ಹೇಳುತ್ತಾಳೆ. ಆದರೆ ಎಡ ಎಂದರೆ ಬಲ, ಬಲ ಎಂದರೆ ಎಡ. ಪಿಕ್ಚರ್ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಭೀಮೇಶನ ತಾಟಿನಲ್ಲಿ ಕೊನೆಯ ರೊಟ್ಟಿ ಹಾಗೇ ಒಣಗಿತ್ತು.

ಮುಂದಿನ ಭಾನುವಾರ ಭೀಮೇಶ ಅದೇ ಪಿಕ್ಚರ್ ಮತ್ತೆ ಹಾಕಿಸಿದ. ಈ ಸಲ ಪರೀಕ್ಷೆ ಮಾಡುವವನ ಹಾಗೆ ತಾಯಿಯ ಎದುರಿಗೆ ಕುಳಿತ.

"ಯವ್ವ, ಸಮಾಧಾನಲೆ ನೋಡು. ಅದು ಯಾವ ಕೈ?"

"ಟಿ.ವಿ.ಯಾಗ ಬಲಗೈ. ಆದ್ರ ಅವಂದು ಎಡಗೈ."

"ಅವನು ಅಂದ್ರ ಯಾರು ಬೇ? ಇವನಾ ಅವ."

"ನೀ ನೋಡಿಯೇನು? ನೀ ತೊಟ್ಟಿಲದಾಗ ಉಚ್ಚಿ ಹೊಯ್ಕೊಂತಿದ್ದಿ."

ದೀಪಾ ಬೇರೆ ಪಿಕ್ಚರ್ ಹಾಕಿದಳು, ಹೆಬ್ಬೆರಳುದ್ದದ ಜನರದ್ದು. ಅದರಲ್ಲಿ ಒಬ್ಬ ರಾಕ್ಷಸಿಗೆ ಒಂದು ಕಣ್ಣಿಲ್ಲ. ಟಿ.ವಿ.ಯಲ್ಲಿ ಎಡಗಣ್ಣಿಗೆ ಪಟ್ಟಿ. ಗದ್ದೆಮ್ಮ ನೋಡುತ್ತಲೇ, "ಬಲಗಣ್ಣು ಹೋಗಿತ್ತಲ್ಲ ಇಕಿಗೆ, ಎಡಗಣ್ಣು ಯಾಕ ಕಟ್ಯಾರ?" ಎಂದಳು. ಒಂದು ಪಿಕ್ಚರ್ ಆದರೆ ಮರೆವು ಎನ್ನಬಹುದು. ಎರಡೂ ತಿರುಗಿಬಿದ್ದದ್ದು ನೋಡಿ ಭೀಮೇಶ ಟಿ.ವಿ. ಆರಿಸಿಬಿಟ್ಟ. ಅವನ ಕಚೇರಿಯ ಒಬ್ಬರ ತಾಯಿ ಹೀಗೇ ಸಣ್ಣದರಿಂದ ಶುರುವಾಗಿ ಕೊನೆಗೆ ಮಗನನ್ನೇ ಗುರುತು ಹಿಡಿಯದೆ ಹೋಗಿದ್ದರು.

ಅಂಬಪ್ಪ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಅವನಿಗೆ ಬಿಸಿಲು ಎನ್ನುವುದೂ ಹೊಳೆದಂತಿರಲಿಲ್ಲ.

ಒಮ್ಮೆ ಅನುಮಾನ ಹೊಕ್ಕರೆ ಎಲ್ಲವೂ ಸಾಕ್ಷಿಯೇ. ಹಾಲು ಉಕ್ಕಿದರೆ ಸಾಕ್ಷಿ. ಬ್ಯಾಳಿಗೆ ಉಪ್ಪು ಹೆಚ್ಚಾದರೆ ಸಾಕ್ಷಿ. ಶುಕ್ರವಾರದ ಸಂತೆಯಿಂದ ಗದ್ದೆಮ್ಮ ಬದನೆಕಾಯಿ ಬಿಟ್ಟು ಹೀರೇಕಾಯಿ ತಂದರೆ ಅದೂ ಸಾಕ್ಷಿ. ಅವತ್ತು ಸಂತೆಯಲ್ಲಿ ಒಳ್ಳೆಯ ಬದನೆಕಾಯಿ ಇರಲಿಲ್ಲ ಎಂಬುದನ್ನು ಕೇಳುವವರಿಲ್ಲ. ಇದೇ ಪಂಪಾವತಿ ಹಿಂದಿನ ತಿಂಗಳು ಹಾಲು ಉಕ್ಕಿಸಿ ಒಲೆ ತಣ್ಣಗಾಗುವ ತನಕ ಫೋನಿನಲ್ಲಿ ಮಾತಾಡಿದ್ದಳು. ಅದನ್ನು ಯಾರೂ ರೋಗ ಎನ್ನಲಿಲ್ಲ.

ಒಂದು ಮುಂಜಾನೆ ಗದ್ದೆಮ್ಮ ಚಹಾಕ್ಕೆ ನೀರಿಟ್ಟು ಗ್ಯಾಸಿನ ಲೈಟರ್ ಹುಡುಕಿದಳು. ಮೊಳೆಯಲ್ಲಿ ಇರಲಿಲ್ಲ. ಡಬ್ಬಿಗಳ ಹಿಂದೆಯೂ ಇರಲಿಲ್ಲ.

"ಪಂಪವ್ವ, ಲೈಟರ್ ಎಲ್ಲೈತಿ?"

"ನಾ ಹಚ್ತೀನಿ ಬಿಡ್ರಿ ಅತ್ತಿ. ನೀವು ಕುಂದರ್ರಿ."

"ಕುಂತು ಏನ ಮಾಡ್ಲಿ? ಎಲ್ಲೈತಿ ಹೇಳು."

ಪಂಪಾವತಿ ಕೆಟ್ಟವಳಲ್ಲ. ಮಾತು ತಿರುಗಿಸಲು ಬರುವುದಿಲ್ಲ ಅಷ್ಟೇ. "ನಾನಾ ಎತ್ತಿಟ್ಟೀನಿ ಅತ್ತಿ. ಗ್ಯಾಸ್ ಬಿಟ್ಟು ಮರೆತ್ರಿ ಅಂದ್ರ ಮನಿಮಂದಿ ಎಲ್ಲಾ ಹೋಗ್ತೀವಿ. ಇವರು ಹೇಳ್ಯಾರ," ಎಂದಳು.

ಗದ್ದೆಮ್ಮ ಸೊಸೆಯ ಮುಖವನ್ನೇ ನೋಡಿದಳು. ಈ ಮನೆಯಲ್ಲಿ ಒಲೆ ಹೊತ್ತಿಸಲು ಅವಳಿಗೆ ಅಪ್ಪಣೆ ಬೇಕು ಎನ್ನುವ ದಿನ ಬರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಗಂಡನ ಬಳಿ ಹೋಗಿ ನಿಂತಳು.

"ಕೇಳಿದೇನು? ನನಗ ಹುಚ್ಚು ಅಂತ."

ಅಂಬಪ್ಪ ತಂಬಾಕು ತಿಕ್ಕುತ್ತಿದ್ದ. "ನಾಕು ದಿನ. ಮರೀತಾರ," ಎಂದ.

"ನಾ ಅಂದಿದ್ದು ಸುಳ್ಳೇನು? ಎಡಗೈ ಹೌದಲ್ಲ?"

ಅವನು ಎದ್ದು ನಿಂತ. ತಂಬಾಕು ಕೆಳಗೆ ಚೆಲ್ಲಿತು.

ಅದೇ ವಾರ ಭೀಮೇಶ ತಾಯಿಯನ್ನು ಲಿಂಗಸುಗೂರಿಗೆ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದ. ಅಂಬಪ್ಪನೂ ಜೊತೆಗೆ ಹೊರಟ. ಬಸ್ಸಿಳಿದು ಆಟೋ ಹತ್ತಿದರು. ದವಾಖಾನೆಯ ತಿರುವಿನಲ್ಲಿ ಆಟೋದವನು ಎಡಕ್ಕೋ ಬಲಕ್ಕೋ ಎಂದು ಕೇಳಿದ. ಅಂಬಪ್ಪನಿಗೆ ಆ ಜಾಗ ಚೆನ್ನಾಗಿ ಗೊತ್ತು. ಯಾವಾಗಲೂ ಮಾಡುವ ಹಾಗೆ ಒಂದು ಗಳಿಗೆ ಗಂಟಲಲ್ಲೇ ತಡವರಿಸಿ "ಎಡಕ್ಕ" ಎಂದ. ದವಾಖಾನೆ ಇದ್ದದ್ದು ಬಲಕ್ಕೆ. ಇದು ಮನೆಯವರಿಗೆ ಹೊಸದಲ್ಲ. ಅಜ್ಜನ ಮಾತು ಕೇಳಿ ತಿರುಗಿದರೆ ಮನೆ ಬದಲು ಮುದಗಲ್ಲು ಮುಟ್ಟುತ್ತೇವೆ ಎಂದು ದೀಪಾ ಸಣ್ಣವಳಿದ್ದಾಗಿನಿಂದ ಚಾಷ್ಟಿ ಮಾಡುತ್ತಿದ್ದಳು. ಅವನಿಗೆ ಮಾತ್ರ ಯಾರೂ ಗುಳಿಗೆ ಕೊಡಿಸಲಿಲ್ಲ.

ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಹೊರಗೆ ಬಹಳ ಜನ ಕಾದಿದ್ದರು. ಇವತ್ತು ಯಾವ ವಾರ, ಮೊಮ್ಮಗಳ ಹೆಸರೇನು ಎಂದು ಕೇಳಿದರು. ಗದ್ದೆಮ್ಮ ಹೇಳಿದಳು. ಭೀಮೇಶ ಮೊದಲೇ ಹೇಳಿಟ್ಟಿದ್ದರಿಂದ ಅವರು ಕೊನೆಗೆ, "ಅಮ್ಮ, ನಿಮ್ಮ ಬಲಗೈ ಎತ್ರಿ ನೋಡೋಣ," ಎಂದರು.

ಗದ್ದೆಮ್ಮ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ರೊಟ್ಟಿ ಬಡಿದು ಬಡಿದು ಅಂಗೈ ಗಟ್ಟಿಯಾದ ಕೈಗಳು. ವಾರಗಟ್ಟಲೆ ಎಲ್ಲರೂ ಅಲ್ಲ ಅಲ್ಲ ಎಂದದ್ದು ಅವಳ ಕಿವಿಯಲ್ಲಿತ್ತು. ಮಗನ ಮುಖ ನೋಡಿದಳು, ಗಂಡನ ಮುಖ ನೋಡಿದಳು.

"ನೀವು ಯಾವ್ದು ಅಂತೀರೋ ಅದು," ಎಂದಳು.

ಡಾಕ್ಟರು ಚೀಟಿ ಬರೆಯತೊಡಗಿದರು. ಅಂಬಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಮೂರು ಕಡೆ ಕುಳಿತು ಬಂದರು.

ಈ ನಡುವೆ ಸಿಂಧನೂರಿನಲ್ಲಿ ಇನ್ನೊಂದು ಏರ್ಪಾಟು ನಡೆದಿತ್ತು. ದೀಪಾಳ ಕಾಲೇಜಿನಲ್ಲಿ ಯಮನೂರ ಸರ್ ಎಂಬವರು ಶನಿವಾರ ಸಂಜೆ ಹುಡುಗರಿಗೆ ಹಳೆಯ ವಿಜ್ಞಾನದ ಕಲ್ಪನೆಯ ಚಿತ್ರ, ಮಾಯಾಲೋಕದ ಚಿತ್ರ ತೋರಿಸುತ್ತಿದ್ದರು. ದೀಪಾ ಅಜ್ಜನ ವಿಷಯ ಹೇಳಿದ್ದೇ ತಡ, ಅವರು ಕುಣಿದಾಡಿಬಿಟ್ಟರು. ಅಜ್ಜನೇ ಬಂದು ಕಬ್ಬಿಣದ ಕೈಯ ಚಿತ್ರಕ್ಕೆ ಅಂದಿನ ಹಾಗೇ ಮೈಕಿನಲ್ಲಿ ಕಥೆ ಹೇಳಬೇಕು, ಶಾಲು ಹೊದಿಸೋಣ, ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿಯೇ ತೋರಿಸೋಣ ಎಂದರು. ಭೀಮೇಶ ಕಚೇರಿಯ ಸಾಹೇಬರನ್ನೂ ಇಬ್ಬರು ಜೊತೆಗಾರರನ್ನೂ ಕರೆದೇಬಿಟ್ಟ. ತಾಯಿಯ ಚಿಂತೆಯ ನಡುವೆ ಅವನಿಗೆ ಉಳಿದಿದ್ದ ಒಂದೇ ಸಂತೋಷ ಅದು.

ಗುಳಿಗೆ ಶುರುವಾದ ಮೇಲೆ ಗದ್ದೆಮ್ಮ ಕುಳಿತಲ್ಲೇ ತೂಕಡಿಸತೊಡಗಿದಳು. ರೊಟ್ಟಿ ಬಡಿಯಲು ಮಾತ್ರ ಬಿಟ್ಟಿದ್ದರು, ಬೇಯಿಸುವುದು ಪಂಪಾವತಿ. ಒಂದು ಸಂಜೆ ದೀಪಾ ಬಸ್ಸಿಳಿದು ಬಂದಾಗ ಅಜ್ಜಿ ಪರಾತದ ಅಗಲ ತಳದಲ್ಲಿ ಜೋಳದ ಹಿಟ್ಟು ಹರವಿಕೊಂಡು ಸುಮ್ಮನೆ ಕುಳಿತಿದ್ದಳು.

"ಅಜ್ಜಿ, ಆ ಹಡಗಿನ ಮ್ಯಾಲ ಏನೋ ಗುರ್ತು ಇತ್ತಲ್ಲ. ನೆನಪೈತೇನು?" ದೀಪಾ ಅವಳನ್ನು ಎಚ್ಚರವಾಗಿಡಲೆಂದೇ ಕೇಳಿದಳು.

"ಯಾಕ ಇಲ್ಲ? ಬಾಚಣಿಕಿ. ಮೂರು ಹಲ್ಲಿಂದು." ಗದ್ದೆಮ್ಮ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ ಬೆರಳಿನಲ್ಲಿ ಒಂದು ಗೀಟು ನಿಲ್ಲಿಸಿ, ಅದರಿಂದ ಮೂರು ಹಲ್ಲು ಎಡಕ್ಕೆ ಎಳೆದಳು.

ದೀಪಾಳಿಗೆ ನಗು ಬಂತು. ಅದು ಬಾಚಣಿಕೆಯಲ್ಲ, ಇಂಗ್ಲಿಷಿನ ಒಂದು ಅಕ್ಷರ. ಟಿ.ವಿ.ಯಲ್ಲಿ ಅದರ ಹಲ್ಲು ಬಲಕ್ಕಿತ್ತು. ನಕ್ಕವಳು ಅಲ್ಲೇ ನಿಂತುಬಿಟ್ಟಳು. ಓದು ಬಾರದ ಅಜ್ಜಿ ಒಂದು ಗುರುತನ್ನು ಇಷ್ಟು ಕಾಲ ಹಲ್ಲು ಎಣಿಸಿ ಇಟ್ಟುಕೊಂಡಿದ್ದಾಳೆ, ಆದರೆ ಅದು ತಿರುಗಿ ನಿಂತಿದೆ. ಕೈಯೂ ಹಾಗೇ, ಕಣ್ಣೂ ಹಾಗೇ, ಹಡಗೂ ಹಾಗೇ. ಮರೆಯುವವರು ಒಂದು ಸರಿ, ಒಂದು ತಪ್ಪು ಹೇಳುತ್ತಾರೆ. ಅಜ್ಜಿ ಒಂದನ್ನೂ ಬಿಡದೆ ತಿರುಗಿಸಿದ್ದಳು. ದೀಪಾ ಚೀಲದಿಂದ ಫೋನ್ ತೆಗೆದು ಪರಾತದ ಫೋಟೋ ಹಿಡಿದು, ಅದನ್ನು ಕನ್ನಡಿಯಂತೆ ಮಗುಚಿದಳು. ಹಡಗಿನ ಗುರುತು ಸರಿಯಾಗಿ ಬಂತು.

"ಅಜ್ಜಿ, ನೀವು ಪಿಕ್ಚರ್ ಎಲ್ಲಿ ಕುಂತು ನೋಡ್ತಿದ್ರಿ?"

ಗದ್ದೆಮ್ಮನ ಮುಖ ಮುಚ್ಚಿಕೊಂಡಿತು. ಹಿಟ್ಟಿನ ಮೇಲಿನ ಬಾಚಣಿಕೆಯನ್ನು ಅಳಿಸಿದಳು. "ಅದನ್ನ ನಿಮ್ಮಜ್ಜನ್ನ ಕೇಳು. ನನಗ ಆಣಿ ಹಾಕ್ಯಾನ," ಎಂದಳು.

ಅಂಬಪ್ಪ ಕಟ್ಟೆಯ ಮೇಲಿದ್ದ. ದೀಪಾ ಎದುರಿಗೆ ಹೋಗಿ ನಿಂತಳು.

"ಅಜ್ಜ, ಅಜ್ಜಿ ನೋಡಿದ್ದು ಕನ್ನಡಿಯಾಗ ನೋಡಿದಂಗ ತಿರುವಿದ ಪಿಕ್ಚರ್. ಅದು ಹ್ಯಾಂಗ?"

"ಅಕಿಗೆ ವಯಸ್ಸಾಗೈತಿ."

"ಪರದೆ ಹಿಂದ ಕುಂದ್ರಸ್ತಿದ್ರೇನು?"

ಅಂಬಪ್ಪ ತಟ್ಟನೆ ತಲೆ ಎತ್ತಿದ. "ಅಕಿ ಹೇಳಿದಳೇನು?"

"ಅಜ್ಜಿ ಬಾಯಿ ಬಿಟ್ಟಿಲ್ಲ. ನೀನಾ ಈಗ ಹೇಳ್ದಿ." ದೀಪಾ ಅವನ ಪಕ್ಕ ಕುಳಿತಳು. "ಹಂಗಾರ ಕೇರಿಯವ್ರು ಹಿಂದ. ನೀನು? ನೀ ಮುಂದ ಕುರ್ಚಿ ಮ್ಯಾಲ ಕುಂತು ಕಥಿ ಹೇಳಿದಿ ಅಂತ ಅಪ್ಪ ಹೇಳ್ತಾನಲ್ಲ?"

ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ಅಡಗುವ ತನಕ ಅವನು ಕಾದ.

"ಗೌಡ ಒಂದಾ ಮಾತು ಹೇಳಿದ ನನ್ನವ್ವ. ದನಿ ಮುಂದ ಬರ್ಲಿ, ಮನುಷ್ಯಾ ಹಿಂದ ಇರ್ಲಿ ಅಂತ. ಉಸ್ಮಾನ್‌ಸಾಬ್ರು ಬಡಕೊಂಡ್ರು. ಕೇಳಲಿಲ್ಲ. ದನಿ ಬರೋ ಹಾರ್ನು ಮುಂದ ಕಟ್ಟಿದ್ರು, ನಾನು ಮೈಕ್ ಹಿಡಕೊಂಡು ಪರದೆ ಹಿಂದ ನಿಂತೆ. ನಿಮ್ಮಜ್ಜಿ, ಕೇರಿ ಮಂದಿ ಎಲ್ಲಾ ಅಲ್ಲೇ ನೆಲದ ಮ್ಯಾಲ."

ಇಂಥವು ನಡೆಯುತ್ತಿದ್ದವು ಎಂದು ಅವಳು ಓದಿದ್ದಳು, ಭಾಷಣಗಳಲ್ಲಿ ಕೇಳಿದ್ದಳು. ತನ್ನ ಮನೆಯ ಕಟ್ಟೆಯ ಮೇಲೆ, ತಾನು ದಿನಾ ಹೆಮ್ಮೆಪಡುತ್ತಿದ್ದ ಕಥೆಯೊಳಗೇ ಅದು ಇಷ್ಟು ಕಾಲ ಕುಳಿತಿತ್ತು ಎಂಬುದು ಅವಳನ್ನು ದಂಗುಬಡಿಸಿತು.

"ಅಪ್ಪಗ ಯಾಕ ಸುಳ್ಳು ಹೇಳ್ದಿ?"

"ಅವ ಸಣ್ಣವಿದ್ದಾಗ ಸಾಲ್ಯಾಗ ಹಿಂದ ಬಾಗಲ ಹಂತೇಲಿ ಕುಂದ್ರಿಸಿದ್ರು. ಇನ್ನ ಸಾಲಿಗೆ ಹೋಗಂಗಿಲ್ಲ ಅಂತ ಅಳಕೊಂತ ಬಂದ. ಅವತ್ತು ಹೇಳಿದೆ, ನಾ ಗೌಡ್ರ ಸಮ ಮುಂದ ಕುಂತೀನಿ, ನೀನೂ ಹೋಗಿ ಮುಂದ ಕುಂದ್ರು ಅಂತ. ಮರುದಿನ ಹೋಗಿ ಮುಂದಿನ ಸಾಲಿನ್ಯಾಗ ಕುಂತ. ಎಬ್ಬಿಸಿದ್ರೂ ಏಳಲಿಲ್ಲ. ಈಗ ಅವಗ ಏನಂತ ಹೇಳ್ಲಿ?"

"ಅಜ್ಜಿಗೆ ಏನಂತ ಹೇಳ್ತಿ? ಗುಳಿಗಿ ಕೊಡಾಕತ್ತಾರ. ಲೈಟರ್ ಮುಚ್ಚಿಟ್ಟಾರ. ಎಡಗೈ ಯಾಕ ಕಾಣ್ತಿತ್ತು ಅಂತ ಅಜ್ಜಿಗೂ ಗೊತ್ತಿಲ್ಲ, ಹೌದಿಲ್ಲ? ನಿನಗೊಬ್ಬನಿಗೇ ಗೊತ್ತೈತಿ."

ಅಂಬಪ್ಪ ಒಳಗೆ, ಪರಾತದ ಮುಂದೆ ಕುಳಿತಿದ್ದ ಗದ್ದೆಮ್ಮನ ಕಡೆ ನೋಡಿದ.

"ನಾ ಅಪ್ಪಗ ಹೇಳಂಗಿಲ್ಲ," ಎಂದಳು ದೀಪಾ. "ನೀನಾ ಹೇಳಬೇಕು." ಅವತ್ತು ರಾತ್ರಿ ಅವಳು ಅಜ್ಜನ ಜೊತೆ ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಎಂದು ಹೇಳಿದಳು, ಹಸಿವಿತ್ತು.

ಶನಿವಾರ ಬಂತು. ಎಲ್ಲರೂ ಸಿಂಧನೂರಿಗೆ ಹೋದರು. ಗದ್ದೆಮ್ಮನನ್ನು ಮನೆಯಲ್ಲಿ ಬಿಡೋಣ ಎಂದು ಭೀಮೇಶ, ಒಬ್ಬಳನ್ನೇ ಹೇಗೆ ಬಿಡುವುದು ಎಂದು ಪಂಪಾವತಿ; ಅಂತೂ ಅವಳನ್ನೂ ಕರೆದುಕೊಂಡು ಬಂದರು. "ಯವ್ವ, ಅಲ್ಲಿ ಎಡ ಬಲ ಅಂತ ಏನೂ ಮಾತಾಡಬ್ಯಾಡ. ಸಾಹೇಬ್ರು ಬರ್ತಾರ," ಎಂದು ಭೀಮೇಶ ಬಸ್ಸಿನಲ್ಲೇ ಎಚ್ಚರಿಸಿದ್ದ. ಅವಳು ಆಗಲಿ ಎಂಬಂತೆ ತಲೆಯಾಡಿಸಿದ್ದಳು.

ಕಾಲೇಜಿನ ಬಯಲಲ್ಲಿ ಎರಡು ಕಂಬದ ನಡುವೆ ಬಿಳಿ ಬಟ್ಟೆ ಬಿಗಿದಿದ್ದರು. ಹೊತ್ತು ಮುಳುಗಿದ ಮೇಲೆ ಯಮನೂರ ಸರ್ ಮಾತಾಡಿದರು. ಅಂದಿನ ಕಾಲದಲ್ಲೇ ಊರ ಹಿರಿಯರ ಸಮನಾಗಿ ಮುಂದೆ ಕುಳಿತು ಕಥೆ ಹೇಳಿದ ಕಲಾವಿದ ಎಂದರು. ಭೀಮೇಶನೇ ಬರೆದುಕೊಟ್ಟ ಮಾತು ಅದು. ಶಾಲು ಹೊದಿಸಿದರು. ಮುಂದಿನ ಸಾಲಿನ ನಡುವಿನ ದೊಡ್ಡ ಕುರ್ಚಿಯಲ್ಲಿ ಅಂಬಪ್ಪನನ್ನು ಕೂರಿಸಿ ಕೈಗೆ ಮೈಕ್ ಕೊಟ್ಟರು. ಪಕ್ಕದಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಭೀಮೇಶ. ಅವನ ಮುಖ ನೋಡಿದ್ದರೆ ಯಾರಿಗಾದರೂ ಖುಷಿಯಾಗುತ್ತಿತ್ತು.

ಚಿತ್ರ ಶುರುವಾಯಿತು. ಹಡಗು ಬಂತು. ಅಂಬಪ್ಪ ಮಾತಾಡಲಿಲ್ಲ. ಹಡಗು ಬಿತ್ತು. ಆಗಲೂ ಮಾತಾಡಲಿಲ್ಲ. ಹುಡುಗರು ಗುಸುಗುಸು ಶುರುಮಾಡಿದರು. ಸಾಹೇಬರು ಭೀಮೇಶನ ಕಡೆ ನೋಡಿದರು.

ಅಂಬಪ್ಪ ಎದ್ದ. ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟ. ಮೈಕಿನ ವೈರು ಎಳೆದುಕೊಂಡು, ಪರದೆಯ ಅಂಚನ್ನು ಸುತ್ತುಹಾಕಿ, ಹಿಂದಕ್ಕೆ ಹೋಗಿ ಕಾಣದಾದ. ಸ್ವಲ್ಪ ಹೊತ್ತು ಯಾರಿಗೂ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಆಮೇಲೆ ಸ್ಪೀಕರಿನಿಂದ ದನಿ ಬಂತು. ಮುದಿ ದನಿಯಲ್ಲ. ತುಂಬಿದ, ಬಯಲಿನ ಕೊನೆಯವರೆಗೆ ಮುಟ್ಟುವ ದನಿ.

"ನಾ ಯಾವತ್ತೂ ಇಲ್ಲಿಂದನಾ ಹೇಳಿದ್ದು. ಮುಂದ ಕುರ್ಚಿ ಇರಲಿಲ್ಲ ನನಗ. ದನಿ ಮುಂದ, ಮನುಷ್ಯಾ ಹಿಂದ. ಮೊದಲನೇ ದಿನ ಹಡಗಿನಿಂದ ಇವ ಇಳದ. ನನಗ ಎಡಗೈ ಕಬ್ಬಿಣದ್ದು ಕಾಣ್ತು, ಎಡಗೈ ಅಂದೆ. ಮುಂದಿದ್ದವ್ರು ನಕ್ಕರು, ಕಲ್ಲು ಬಿದ್ದುವು. ಪರದೆ ಹಿಂದಿದ್ದವನಿಗೆ ಎಲ್ಲಾ ತಿರುವಿ ಕಾಣ್ತದ ಅಂತ ಅವತ್ತು ತಿಳೀತು. ಮರುದಿನದಿಂದ ಎಡ ಕಂಡ್ರ ಬಲ ಅಂದೆ, ಬಲ ಕಂಡ್ರ ಎಡ ಅಂದೆ. ಇವತ್ತಿಗೂ ಯಾರರ ದಾರಿ ಕೇಳಿದ್ರ ತಿರುವಿ ಹೇಳ್ತೀನಿ. ನನ್ನ ಹೆಂಡ್ತಿ ನನ್ನ ಕಾಲ ಹಂತೇಲಿ ಕುಂತು ನೋಡಿದಳು. ಅಕಿ ಕಂಡಿದ್ದನ್ನ ಹೇಳ್ಯಾಳ. ಅಕಿಗೆ ಹುಚ್ಚು ಇಲ್ಲ. ಸುಮ್ಮನ ಕುಂತಿದ್ದು ನಾನು."

ಯಮನೂರ ಸರ್ ಕೈಯಲ್ಲಿದ್ದ ಹೂವಿನ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದರು. ಪಂಪಾವತಿ ಅತ್ತೆಯ ಕಡೆ ತಿರುಗಿದಳು. ಅತ್ತೆ ಆಗಲೇ ಎದ್ದು ಪರದೆಯ ಕಡೆ ನಡೆಯುತ್ತಿದ್ದಳು.

ಭೀಮೇಶ ಗರಬಡಿದವನಂತೆ ಕುಳಿತಿದ್ದ. ಚಹಾದ ಜೊತೆ ಇಷ್ಟು ವರ್ಷ ಹಂಚಿದ ಕಥೆ, ತಾನು ಮೊದಲ ಸಾಲಿನಲ್ಲಿ ಕುಳಿತ ಶಾಲೆ, ಸಾಹೇಬರು, ಜೊತೆಗಾರರು. ಮೈಯೆಲ್ಲ ಉರಿಯಿತು. ಅಪ್ಪನನ್ನು ಹಿಡಿದು ಎಳೆದುಕೊಂಡು ಬರಬೇಕೆಂದೇ ಎದ್ದು ದಾಪುಗಾಲು ಹಾಕಿ ಪರದೆಯ ಹಿಂದಕ್ಕೆ ಹೋದ.

ಅಲ್ಲಿ ಅಪ್ಪ ಮೈಕ್ ಹಿಡಿದು ನಿಂತಿದ್ದ. ಅವ್ವ ಅವನ ಕಾಲ ಬಳಿ ಹುಲ್ಲಿನ ಮೇಲೆ ಕುಳಿತಿದ್ದಳು.

"ನನ್ನ ಯಾಕ ಸುಳ್ಳಿನ ಮ್ಯಾಲ ಬೆಳಸ್ದಿ ಯಪ್ಪ?" ಎಂದ ಭೀಮೇಶ. ಮೈಕಿನಲ್ಲಿ ಅದು ಬಯಲಿಗೆಲ್ಲ ಕೇಳಿತು.

"ಖರೇ ಹೇಳಿದ್ರ ನೀನೂ ಹಿಂದನಾ ಕುಂದರ್ತಿದ್ದೆಲ್ಲೋ ತಮ್ಮ," ಎಂದ ಅಂಬಪ್ಪ. ಅದೂ ಕೇಳಿತು.

ಗದ್ದೆಮ್ಮ ಅವನ ಪ್ಯಾಂಟಿನ ಅಂಚು ಹಿಡಿದು ಜಗ್ಗಿದಳು. ಪರದೆಯಲ್ಲಿ ಕಬ್ಬಿಣದ ಕೈಯವನು ಹಡಗಿನ ಬಾಗಿಲಲ್ಲಿ ನಿಂತಿದ್ದ.

"ನೋಡು," ಎಂದಳು. "ಯಾವ ಕೈ?"

ಅವನು ನೋಡಿದ. ನೋಡುತ್ತಾ ನೋಡುತ್ತಾ ಅವಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತ.

"ಎಡಗೈ ಬೇ ಯವ್ವ," ಎಂದ.

ಗದ್ದೆಮ್ಮ ಹ್ಞೂಂ ಎಂದು ಪಿಕ್ಚರ್ ನೋಡತೊಡಗಿದಳು. ಅಂಬಪ್ಪ ಕಥೆ ಎತ್ತಿಕೊಂಡ. ಎಡ ಕಂಡಲ್ಲಿ ಬಲ, ಬಲ ಕಂಡಲ್ಲಿ ಎಡ, ಒಂದೂ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ದೀಪಾ ಬಂದಳು, ಅವಳ ಹಿಂದೆ ಪಂಪಾವತಿ. ಭೀಮೇಶ ಕೊನೆಯವರೆಗೂ ತನ್ನ ಕುರ್ಚಿಗೆ ಹಿಂದಿರುಗಲಿಲ್ಲ.

ಮರುದಿನ ಮುಂಜಾನೆ ಗುಳಿಗೆಯ ಪೊಟ್ಟಣ ಟಿ.ವಿ.ಯ ಕೆಳಗೆ ಹಾಗೇ ಬಿದ್ದಿತ್ತು. ಡಾಕ್ಟರನ್ನು ಇನ್ನೊಮ್ಮೆ ಕಂಡು ಎಲ್ಲ ಹೇಳಿ ಬರುತ್ತೇನೆ ಎಂದು ಭೀಮೇಶ ಬಚ್ಚಲಿಂದಲೇ ಹೇಳಿದ. ಪಂಪಾವತಿ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿಟ್ಟಿದ್ದ ಲೈಟರ್ ತೆಗೆದು, ಸೆರಗಿನಿಂದ ಒರೆಸಿ, ಒಲೆಯ ಮುಂದೆ ನಿಂತಿದ್ದ ಅತ್ತೆಯ ಎದುರು ಹಿಡಿದಳು.

"ತಗೋರಿ ಅತ್ತಿ. ಚಾಕ್ಕ ಇಡ್ರಿ," ಎಂದಳು.

ಗದ್ದೆಮ್ಮ ಲೈಟರನ್ನೂ ನೋಡಿದಳು, ಸೊಸೆಯನ್ನೂ ನೋಡಿದಳು. ಎರಡೂ ಕೈ ಮುಂದೆ ಚಾಚಿದಳು.

"ಯಾವ ಕೈಯಾಗ ಹಿಡೀಲಿ?" ಎಂದಳು. "ನೀನಾ ಹೇಳು."